ಖಾಲಿ ಬಾರಿನ ಚಳಿಗಾಲ

ಹೋದ ತಿಂಗಳು ಅಥಣಿಗೆ ಒಂದು ಮದುವೆಗೆ ಹೋಗಿದ್ದೆ. ಅಕ್ಷತೆಗೆ ಇನ್ನೂ ಹೊತ್ತಿತ್ತು. ಮಂಟಪದ ಸ್ಪೀಕರಿನ ಅರಚಾಟ ತಾಳಲಾರದೆ ಪೇಟೆಯ ಕಡೆ ಕಾಲು ಹಾಕಿದೆ. ಪಾತ್ರೆ ಅಂಗಡಿಯೊಂದರ ಕಟ್ಟೆಯ ಮೇಲೆ ಹೆಂಗಸೊಬ್ಬಳು ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಹುಳಿಯೂ ತಾಮ್ರವೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ‘ಏನ್ ಬೇಕ್ರೀ ಅಜ್ಜಾರ?’ ಎಂದಳು. ಏನೂ ಬೇಡವ್ವ, ದಣಿವಾಗಿದೆ ಎಂದೆ. ಸುಳ್ಳೇನಲ್ಲ. ಆ ವಾಸನೆಯ ಜತೆ ನೆನಪಾಗುವ ಚಳಿಗಾಲದಿಂದ ನನಗೆ ಈಗಲೂ ದಣಿವಾಗುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಸರ್ಕಾರಿ ದನದ ಡಾಕ್ಟರು. ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ಅಥಣಿಗೂ ಕಾಗವಾಡಕ್ಕೂ ನಡುವೆ, ಹೊಳೆಯಿಂದ ದೂರ, ಎರೆಮಣ್ಣಿನ ಬಯಲಿನ ಒಂದು ಹಳ್ಳಿಗೆ ಹಾಕಿದ್ದರು. ಆ ಚಳಿಗಾಲ ಕಬ್ಬಿನ ಗಾಡಿಗಳ ಜತೆಗೆ ಕಾಲುಬಾಯಿ ಬೇನೆಯೂ ಬಂತು. ಹೊಳೆಸಾಲಿನ ಕಬ್ಬು ಸಾಗಿಸಲು ಎಲ್ಲೆಲ್ಲಿಂದಲೋ ಬಂದ ಎತ್ತುಗಳು ಜೊಲ್ಲು ಸುರಿಸುತ್ತ, ಕುಂಟುತ್ತ ರಸ್ತೆಬದಿಯಲ್ಲಿ ಮಲಗಿಬಿಡುತ್ತಿದ್ದವು. ಅವುಗಳಿಂದ ಊರ ದನಕ್ಕೆ ಹತ್ತಿತು. ಬೆಳಗಾದರೆ ದವಾಖಾನೆಯ ಮುಂದೆ ಕುಂಟೆತ್ತುಗಳ ಸಾಲು. ಗೊರಸಿನ ಸಂದಿಯ ಹುಳು ಕೀಳುವುದು, ತೊಳೆಯುವುದು, ಮುಲಾಮು ಹಚ್ಚುವುದು, ಮತ್ತೊಂದರ ಕಾಲು ಹಿಡಿಯುವುದು. ಸಂಜೆಯ ಹೊತ್ತಿಗೆ ಸೊಂಟ ನನ್ನದೇ ಎನಿಸುತ್ತಿರಲಿಲ್ಲ. ಮೂವತ್ತು ತುಂಬದ ಹುಡುಗ ನಾನು, ಮುದುಕರ ಹಾಗೆ ಗೋಡೆ ಹಿಡಿದು ಏಳುತ್ತಿದ್ದೆ.

ಆ ಊರಿನಲ್ಲಿ ನನ್ನ ಹೊಟ್ಟೆ ನೋಡಿಕೊಂಡವರು ಭರಮಗೌಡರು. ಜೈನ ಒಕ್ಕಲುತನದ ಮನೆ. ಬಿಳಿ ಧೋತರ, ಬಿಳಿ ಟೋಪಿ, ಅರವತ್ತೈದರ ಸಣಕಲು ಮೈ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಲೇಬೇಕಾದ ಮನೆಯಾದ್ದರಿಂದ ನಾನೂ ಕೈತೊಳೆದುಕೊಂಡು ಐದೂವರೆಗೇ ಎಲೆಯ ಮುಂದೆ ಇರಬೇಕಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ, ಕೆನೆಮೊಸರು. ಉಣ್ಣುವಾಗ ಗೌಡರು ನನ್ನನ್ನು ಪ್ರಶ್ನೆ ಕೇಳಿ ಕೇಳಿ ಸಾಕುಮಾಡುತ್ತಿದ್ದರು. ಯಾರ ಎತ್ತು, ಯಾವ ಕಾಲು, ಹುಳು ಎಷ್ಟಿದ್ದವು, ತೆಗೆದ ಹುಳುವನ್ನು ಏನು ಮಾಡಿದಿರಿ. ಕೊನೆಯದಕ್ಕೆ ನಾನು ದಿನವೂ ಉತ್ತರ ತಪ್ಪಿಸುತ್ತಿದ್ದೆ. ಅವರೂ ದಿನವೂ ಬಿಡದೆ ಕೇಳುತ್ತಿದ್ದರು.

ಅಂಥವರ ಮನೆಯಲ್ಲಿ ಒಂದು ಬಂದೂಕಿತ್ತು. ಅವರ ತಂದೆ ಬೆಳೆ ಕಾಯಲೆಂದು ಲೈಸನ್ಸ್ ಮಾಡಿಸಿದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಅರಿವೆ ಚಿಂದಿ ತುರುಕಿ, ಉದ್ದನೆಯ ಕಬ್ಬಿಣದ ಸರಳಿನಿಂದ ಜಡಿಯುವ ಹಳೆಯ ಕಾಲದ ಬಂದೂಕು. ಜಡಿಯುವ ಸರಳಿಗೆ ಅವರು ಗಜ ಎನ್ನುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಹಾರಬಾರದೆಂದು ಗಜದ ತುದಿಗೆ ಹೆಬ್ಬೆರಳು ಗಾತ್ರದ ತಾಮ್ರದ ಟೋಪಿಯೊಂದನ್ನು ತೊಡಿಸಿ ಮೊಳೆ ಹಾಕಿಸಿದ್ದರು. ಮದ್ದು ಇತ್ತು, ಚಿಂದಿ ಇತ್ತು, ಗುಂಡು ಮಾತ್ರ ಆ ಮನೆಯೊಳಗೆ ಯಾವತ್ತೂ ಕಾಲಿಟ್ಟಿರಲಿಲ್ಲ. ಎರಡು ತಲೆಮಾರಿನಿಂದ ಅದು ಹೊಡೆದದ್ದೆಲ್ಲ ಖಾಲಿ ಬಾರು, ಬರೀ ಸದ್ದು.

ಜೋಳ ಹಾಲುಗಾಳಾದಾಗ ಚಿಗರಿಯ, ಅಂದರೆ ಜಿಂಕೆಯ, ಹಿಂಡು ಹೊಲಕ್ಕೆ ಇಳಿಯುತ್ತಿತ್ತು. ಊಟ ಮುಗಿಸಿದ ಗೌಡರು ಹೊಲದ ಅಟ್ಟಣೆ ಹತ್ತಿ, ಮೂರು ಸಲ ಚಪ್ಪಾಳೆ ತಟ್ಟಿ, ‘ಸರೀರೆವ್ವಾ, ಬಾರ ಹಾರಸ್ತೀನಿ’ ಎಂದು ಕೂಗುತ್ತಿದ್ದರು. ಚಿಗರಿಗಳಿಗೆ ಹೇಳಿಯೇ ಹೆದರಿಸುವ ಪದ್ಧತಿ. ಆಮೇಲೆ ಆಕಾಶಕ್ಕೆ ಒಂದು ಢಂ. ಹಿಂಡು ನೆಗೆದು ಓಡುತ್ತಿತ್ತು, ಎರಡು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಆ ಚಳಿಗಾಲ ಮಾತ್ರ ಗೌಡರ ಬಲಭುಜ ಹಿಡಿದುಕೊಂಡಿತ್ತು. ನಳಿಗೆ ಮೇಲೆತ್ತಲು ಆಗದೆ ಅಟ್ಟಣೆಯ ಅಡ್ಡಗಳುವಿನ ಮೇಲೆ ಇಟ್ಟು ಹಾರಿಸುತ್ತಿದ್ದರು. ಖಾಲಿ ಬಾರು ಎತ್ತ ಹೋದರೇನು ಎಂದು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ನೋಡಿದ ನಾನೂ ಸೇರಿ.

ಹೊಲ ಕಾಯುತ್ತಿದ್ದವನು ಲಗಮಣ್ಣ, ಗೌಡರ ಓರಗೆಯವನೇ. ಹರೆಯದಲ್ಲಿ ಒಂದು ಸಂಸ್ಥಾನದ ಬೇಟೆಗಾರರಿಗೆ ಹೆಜ್ಜೆ ಹುಡುಕಿ ಕೊಡುವ ಕೆಲಸ ಮಾಡಿದ್ದ. ಸಂಸ್ಥಾನ ಹೋಯಿತು, ಬೇಟೆ ಹೋಯಿತು, ಲಗಮಣ್ಣ ಗೌಡರ ಹೊಲಕ್ಕೆ ಬಂದ. ಮೂವತ್ತು ವರ್ಷಗಳಿಂದ ಇಬ್ಬರೂ ಒಂದೇ ಅಟ್ಟಣೆಯ ಮೇಲೆ ಕೂತವರು. ಗೌಡರು ಬಾರು ಹಾರಿಸಿದಾಗಲೆಲ್ಲ ಲಗಮಣ್ಣ ಕೆಳಗಿನಿಂದ, ‘ಆತ್ರಿ, ಚಿಗರಿಗಿ ಊದಬತ್ತಿ ಬೆಳಗಿದ್ರಿ’ ಎನ್ನುತ್ತಿದ್ದ. ‘ಬೆಳಗಿದ್ರ ನಿನಗೇನ ತ್ರಾಸ?’ ಎಂದು ಗೌಡರು ನಗುತ್ತಿದ್ದರು. ದಿನವೂ ಅದೇ ಮಾತು, ಇಬ್ಬರಿಗೂ ಬೇಸರವೇ ಇರಲಿಲ್ಲ.

ಜನವರಿಯ ಒಂದು ಬೆಳಗ್ಗೆ ಫಾರೆಸ್ಟ್ ಗಾರ್ಡ್ ಸೈಕಲ್ ತುಳಿದುಕೊಂಡು ದವಾಖಾನೆಗೆ ಬಂದ. ಗೌಡರ ಹೊಲದಿಂದ ಎರಡು ಫರ್ಲಾಂಗು ಆಚೆ, ಕಡಲೆ ಹೊಲದ ಬದುವಿನಲ್ಲಿ ಒಂದು ಹೆಣ್ಣು ಚಿಗರಿ ಸತ್ತುಬಿದ್ದಿದೆ, ಮೈಯಲ್ಲಿ ಬಂದೂಕಿನ ಗಾಯ ಇದೆ ಎಂದ. ಅದರ ಪಕ್ಕದಲ್ಲೇ ಲಗಮಣ್ಣ ಕುಡುಗೋಲು ಹಿಡಿದು ನಿಂತದ್ದು ಅವನ ಕಣ್ಣಿಗೆ ಬಿದ್ದಿತ್ತು. ನಸುಕಿನಲ್ಲಿ ರಕ್ತದ ಹನಿ ಕಂಡು ಹಳೆಯ ಚಟಕ್ಕೆ ಜಾಡು ಹಿಡಿದು ಹೋದೆ, ಹದ್ದು ಕುಕ್ಕಬಾರದೆಂದು ಮುಚ್ಚಲು ಜಾಲಿ ಟೊಂಗೆ ಕಡಿಯುತ್ತಿದ್ದೆ ಎಂದು ಲಗಮಣ್ಣ ಹೇಳಿದ್ದ. ಹಳೆಯ ಬೇಟೆಗಾರನ ಮಾತನ್ನು ಯಾವ ಗಾರ್ಡ್ ನಂಬಿಯಾನು? ಲಗಮಣ್ಣನನ್ನೂ ಚಿಗರಿಯನ್ನೂ ಒಂದೇ ಗಾಡಿಯಲ್ಲಿ ಹಾಕಿಸಿಕೊಂಡು ಬಂದಿದ್ದ. ಶವಪರೀಕ್ಷೆ ಮಾಡಿ ಬರೆದುಕೊಡಿ ಎಂದ.

ಅಂಗಳದಲ್ಲಿ ಆಗಲೇ ಇಪ್ಪತ್ತು ಎತ್ತು ನಿಂತಿದ್ದವು. ಅವುಗಳ ಒಡೆಯರನ್ನು ಕಾಯಲು ಹೇಳಿ, ದವಾಖಾನೆಯ ಹಿಂದಿನ ಹುಣಸೆಮರದ ಕೆಳಗೆ ಚಪ್ಪಡಿಯ ಮೇಲೆ ಚಿಗರಿಯನ್ನು ಮಲಗಿಸಿದೆ. ಲಗಮಣ್ಣನನ್ನು ಮರದ ಬೊಡ್ಡೆಗೆ ಒರಗಿಸಿ ಕೂರಿಸಿ, ಗಾರ್ಡ್ ರೇಂಜರ್ ಸಾಹೇಬರಿಗೆ ಫೋನು ಮಾಡಲು ಪಂಚಾಯತಿಗೆ ಹೋದ.

ಗಾಯ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ, ಹೊಟ್ಟೆಯ ಮೇಲ್ಭಾಗಕ್ಕಿತ್ತು. ಹೊಕ್ಕ ತೂತು ಹೆಬ್ಬೆರಳು ಗಾತ್ರದ್ದು. ಹೊರಬಿದ್ದ ತೂತು ಇರಲಿಲ್ಲ. ಹೊಟ್ಟೆ ಸೀಳಿದಾಗ ಬಂದ ವಾಸನೆಗೆ ನಾನೇ ಮುಖ ತಿರುಗಿಸಿದೆ. ಜಠರ ಹರಿದು, ಅರ್ಧ ಅರೆದ ಹಸಿರು ಮೇವೆಲ್ಲ ಒಳಗೆ ಚೆಲ್ಲಾಡಿತ್ತು. ಸೊಂಟದ ಮಾಂಸ ರಕ್ತ ಹೀರಿ ಕಪ್ಪಾಗಿ, ಅದರ ಮೇಲೆ ಹಸಿರು ನೀರು ಇಳಿದಿತ್ತು. ಕೂಡಲೇ ಸತ್ತದ್ದಲ್ಲ, ಓಡಿದೆ, ಮಲಗಿದೆ, ಮತ್ತೆ ಎದ್ದಿದೆ. ತಾಸುಗಟ್ಟಲೆ ನರಳಿದೆ. ಮಾಂಸಕ್ಕಾಗಿ ಹೊಡೆದವನಿಗೆ ಅದರಲ್ಲಿ ಒಂದು ಹಿಡಿಯೂ ದಕ್ಕುತ್ತಿರಲಿಲ್ಲ.

‘ಯಾವ ಹುಚ್ಚ ಹೊಡದಾನ್ರಿ ಇದನ್ನ?’ ಲಗಮಣ್ಣ ಕೂತಲ್ಲಿಂದಲೇ ಕೇಳಿದ. ತನ್ನನ್ನು ಹಿಡಿದುತಂದ ಚಿಂತೆಗಿಂತ ಆ ಗಾಯದ ಸಿಟ್ಟೇ ಅವನಿಗೆ ಹೆಚ್ಚಾಗಿತ್ತು. ‘ಚಿಗರಿ ಅಡ್ಡ ನಿಂದ್ರೂ ತನಕ ಕಾಯಬೇಕ್ರಿ. ಮುಂಗಾಲ ಹಿಂದ ಮೂರ ಬೆರಳ ಬಿಟ್ಟು, ಮೈಯ ನಡಮಟ್ಟಕ್ಕಿಂತ ಒಂದ ಚೂರ ಕೆಳಗ. ಅಲ್ಲಿ ಬಿದ್ರ ಪುಪ್ಪುಸ ಒಡದು ನಾಕ ಹೆಜ್ಜ್ಯಾಗ ಬೀಳತೈತಿ. ಅದಕ್ಕೂ ತ್ರಾಸಿಲ್ಲ, ಅಡಗಿ ಮನಿಗೂ ತ್ರಾಸಿಲ್ಲ. ಭುಜಕ್ಕ ಬಿದ್ರ ಎಲುಬ ಪುಡಿ ಆಗಿ ಎರಡೂ ಮುಂಗಾಲ ಮಾಂಸ ದಂಡ. ಹೊಟ್ಟಿಗಿ ಬಿದ್ರಂತೂ ನಾಯಿನೂ ಮೂಸಂಗಿಲ್ಲ. ಸಂಸ್ಥಾನದಾಗ ಇಂಥಾ ಹೊಡತ ಹೊಡದವನಿಗಿ ಮರುದಿನ ಬಂದೂಕ ಕೊಡತಿರಲಿಲ್ರಿ.’

ಗುಂಡು ಸೀಸದ್ದಾದರೆ ಒಳಗೆ ಅರಳಿ ಚೂರಾಗಿರಬೇಕಿತ್ತು. ನನಗೆ ಒಂದು ಚೂರೂ ಸಿಗಲಿಲ್ಲ ಎಂದೆ. ‘ಹಂಗಾರ ತಾಮ್ರದ್ದ’ ಎಂದು ಲಗಮಣ್ಣ ಎದ್ದು ಬಂದ. ‘ಒಬ್ಬ ಗೋರಾ ಸಾಹೇಬ ತಾಮ್ರದ ಮೈಯ ಗುಂಡ ತರತಿದ್ದ. ಅದು ಒಡಿಯಂಗಿಲ್ಲ, ನೆಟ್ಟಗ ಹೊಂಟ ಹೋಕ್ಕೈತಿ. ಬರಾಬರ್ ಜಾಗಾಕ್ಕ ಬಿದ್ರ ಮಾಂಸಕ್ಕ ಕಲೆನ ಇಲ್ಲ. ತಪ್ಪಿದ್ರ ಚಿಗರಿ ಮೂರ ಊರ ದಾಟಿ ಸಾಯತೈತಿ. ಆ ಕಡಿ ಮಗ್ಗಲದ ಚರ್ಮದ ಬುಡಕ ನೋಡ್ರಿ.’

ಅವನು ಹೇಳಿದಲ್ಲೇ ಇತ್ತು. ಬಲಪಕ್ಕದ ಚರ್ಮದ ಅಡಿಯಲ್ಲಿ ಕೈಗೆ ಗಟ್ಟಿಯಾಗಿ ಹತ್ತಿತು. ತೆಗೆದು ಬೊಗಸೆಯಲ್ಲಿಟ್ಟು ನೋಡಿದೆ. ರಕ್ತ, ಹಸಿರು ಕಸ ಮೆತ್ತಿದ ಒಂದು ಲೋಹದ ಮುದ್ದೆ, ಗುಂಡಿನ ಆಕಾರವೇ ಅಲ್ಲ. ಲಗಮಣ್ಣ ಅದನ್ನು ಇಸಕೊಂಡು, ಮರದಡಿ ಬಿದ್ದಿದ್ದ ಹುಣಸೆಕಾಯಿಯೊಂದನ್ನು ಒಡೆದು ತಿಕ್ಕತೊಡಗಿದ. ತಾಮ್ರ ಕೆಂಪಗೆ ಬೆಳಗಿತು. ಒಳಗೆ ಪೊಳ್ಳು. ಒಂದು ಅಂಚು ನುಗ್ಗಾಗಿತ್ತು, ಪಕ್ಕದಲ್ಲಿ ಮೊಳೆ ಸವೆದು ಬಿದ್ದುಹೋದ ಸಣ್ಣ ತೂತು. ಲಗಮಣ್ಣನ ಹೆಬ್ಬೆರಳು ಆ ತೂತಿನ ಮೇಲೆ ನಿಂತುಬಿಟ್ಟಿತು.

ನನಗೂ ಆಗಲೇ ಹೊಳೆಯಿತು. ಹಿಂದಿನ ಸಂಜೆ ಗೌಡರು ಚಿಂದಿ ಜಡಿದು ಗಜ ಎಳೆದಾಗ ಅದರ ಟೋಪಿ ಕಳಚಿ ನಳಿಗೆಯೊಳಗೇ ಉಳಿದಿತ್ತು. ಮಸುಕು ಬೆಳಕಿನಲ್ಲಿ ಅವರಿಗೆ ಕಂಡಿಲ್ಲ. ಮೂರು ಸಲ ಚಪ್ಪಾಳೆ ತಟ್ಟಿ, ಸರಿಯಿರಿ ಎಂದು ಕೂಗಿ, ಅಡ್ಡಗಳುವಿನ ಮೇಲೆ ಬಂದೂಕಿಟ್ಟು ಹಾರಿಸಿದ್ದಾರೆ.

‘ಇನ್ನೇನು, ನೀನು ಬಿಡುಗಡೆಯಾದಂಗೆ’ ಎಂದೆ.

‘ಬಾಯಿ ಬಿಡಬ್ಯಾಡ್ರಿ ಸಾಹೇಬ್ರ.’ ಲಗಮಣ್ಣ ಮುದ್ದೆಯನ್ನು ನನ್ನ ಅಂಗಿಯ ಕಿಸೆಗೆ ತಾನೇ ಹಾಕಿದ. ‘ಗೌಡ್ರು ನೀರ ಸೋಸಿ ಕುಡಿಯೂ ಮನಶ್ಯಾ. ಇರಬಿ ಕಂಡ್ರ ದಾಟಿ ಹೆಜ್ಜಿ ಇಡತಾರ. ಇದ ಗೊತ್ತಾದ್ರ ಅವರ ಎದಿ ಒಡದ ಹೋಕ್ಕೈತಿ. ನಾ ಕೊಲ್ಲಿಸಿದ್ದು ಎಷ್ಟೋ, ಅದರಾಗ ಇದೊಂದ ಹೆಚ್ಚಿಗಿ. ನಾನ ಹೊಡದೀನಿ ಅಂತೀನಿ. ಗುಂಡ ಸಿಕ್ಕಿಲ್ಲಂತ ಬರೀರಿ.’ ನೆಲ ನೋಡುತ್ತ, ‘ಇನ್ನೊಂದ ಐತ್ರಿ. ಗಾಯ ಹೊಟ್ಟ್ಯಾಗ ಅಂತ ಬರೀಬ್ಯಾಡ್ರಿ. ಮುಂಗಾಲ ಹಿಂದ ಅಂತ ಬರೀರಿ. ಲಗಮಣ್ಣ ಇಷ್ಟ ಹೊಲಸ ಹೊಡದಾನಂತ ಕಾಗದದಾಗ ಉಳಿಯೂದ ಬ್ಯಾಡ’ ಎಂದ.

ನಾನು ಹಾಗೆಯೇ ಬರೆದೆ. ಕರುಣೆಯಿಂದ ಬರೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಅದಲ್ಲ. ಅಂಗಳದಲ್ಲಿ ಇಪ್ಪತ್ತು ಎತ್ತು ಕಾಯುತ್ತಿದ್ದವು. ಸತ್ಯ ಬರೆದರೆ ರೇಂಜರಿಗೆ ವಿವರಿಸಬೇಕು, ಗೌಡರ ಮುಖ ನೋಡಬೇಕು, ಮುಂದೆ ಕೋರ್ಟು. ಲಗಮಣ್ಣ ಹೇಳಿದ್ದು ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ದಣಿದಿದ್ದೆ, ಅದಕ್ಕೆ ಬರೆದೆ. ಗಾರ್ಡ್ ಬಂದು ನೋಡುವಷ್ಟರಲ್ಲಿ ಚಿಗರಿಯನ್ನು ಹೊಲಿದು ಗೋಣಿಯಲ್ಲಿ ಸುತ್ತಿಯಾಗಿತ್ತು.

ಲಗಮಣ್ಣ ತಾನೇ ಹೊಡೆದದ್ದೆಂದು ಗಾರ್ಡಿನ ಮುಂದೆ ಒಪ್ಪಿಕೊಂಡ. ಅಲ್ಲಿಂದ ಮೂವರೂ ಗೌಡರ ಮನೆಗೆ ಹೋದೆವು. ಗೌಡರು ಕಂಬಕ್ಕೆ ಒರಗಿ ಕೂತಿದ್ದರು. ‘ಗೌಡ್ರ, ಬಂದೂಕ ಲಗಮಣ್ಣನ ಕೈಗೆ ಹೋಗಿತ್ತೇನ್ರಿ?’ ಎಂದು ಗಾರ್ಡ್ ಕೇಳಿದ. ಗೌಡರು ಮಾತಾಡಲಿಲ್ಲ. ಅವನು ಮತ್ತೆ ಕೇಳಿದ. ಅವರು ಲಗಮಣ್ಣನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ನಂಬಿದ ಆಳು ಮೋಸಮಾಡಿದ ದುಃಖ ಅದು ಎಂದು ಗಾರ್ಡ್ ತಿಳಿದ, ನಾನೂ ಹಾಗೇ ತಿಳಿದೆ. ಬಂದೂಕನ್ನೂ ಲಗಮಣ್ಣನನ್ನೂ ಅಥಣಿಗೆ ಒಯ್ದರು. ಗಜ ಮಾತ್ರ ಒಳಮನೆಯ ಗೂಟದಲ್ಲಿ ಉಳಿಯಿತು.

ಆಮೇಲಿನ ದಿನಗಳಲ್ಲಿ ಬೇನೆ ಇಳಿಯುತ್ತ ಬಂತು, ನನ್ನ ದಣಿವು ಇಳಿಯಲಿಲ್ಲ. ಗೌಡರ ಮನೆಯಲ್ಲಿ ಊಟ ನಡೆದೇ ಇತ್ತು. ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊಲದಲ್ಲಿ ಚಪ್ಪಾಳೆ ಇಲ್ಲ, ಬಾರು ಇಲ್ಲ, ಚಿಗರಿಗಳು ಹಗಲಲ್ಲೇ ಬಂದು ತೆನೆ ತಿಂದು ಹೋಗುತ್ತಿದ್ದವು. ಒಂದು ದಿನ ತುತ್ತು ಎತ್ತುವಾಗ ಥಟ್ಟನೆ ನನಗೆ ಅರಿವಾಯಿತು. ಗೊರಸಿನ ಹುಳುವಿನ ಗತಿ ಏನಾಯಿತೆಂದು ದಿನವೂ ಕೇಳುತ್ತಿದ್ದ ಮನುಷ್ಯ, ಚಿಗರಿಯ ಹೊಟ್ಟೆಯಲ್ಲಿ ಏನು ಸಿಕ್ಕಿತು ಎಂದು ಇಷ್ಟು ದಿನವಾದರೂ ಕೇಳಿರಲಿಲ್ಲ. ತುತ್ತನ್ನು ಎಲೆಗೇ ಇಳಿಸಿ ತಲೆಯೆತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಕೈತೊಳೆಯಲು ಎದ್ದೆ.

ಹದಿನೆಂಟನೆಯ ದಿನ ಮಧ್ಯಾಹ್ನ ಗೌಡರು ದವಾಖಾನೆಗೆ ಬಂದರು. ಕೈಯಲ್ಲಿ ಗಜ. ಅದರ ಬರಿದಾದ ತುದಿಯನ್ನು ನನ್ನ ಮೇಜಿನ ಮೇಲಿಟ್ಟರು.

‘ಆ ಸಂಜೀನ ಬಾರ ಹಾರಿಸಿದ ಮ್ಯಾಲ ನೋಡಿದ್ದೆ ಸಾಹೇಬ್ರ, ಇದರ ಟೋಪಿ ಇಲ್ಲಂತ. ಹೊಲದಾಗ ಬಿದ್ದಿರಬೇಕ ಅಂದ್ಕೊಂಡೆ. ಮರುದಿನ ನೀವ ಬಾಗಲಾಗ ಬಂದ ನಿಂತಾಗ ಎಲ್ಲಾ ತಿಳೀತು. ಗಾರ್ಡ್ ಕೇಳಿದಾಗ ನಾನ ಹೊಡದೀನಿ ಅನ್ನಬೇಕಿತ್ತು. ನಾಲಿಗಿ ತುದಿಗಿ ಬಂದಿತ್ತು. ಲಗಮಣ್ಣ ನನ್ನ ಕಡೆ ನೋಡಿ ಬ್ಯಾಡ ಅಂತ ತಲಿ ಅಲ್ಲಾಡಿಸಿದ. ನಾ ಸುಮ್ಮನಾದೆ.’ ಉಸಿರು ತೆಗೆದುಕೊಂಡರು. ‘ಚಿಗರಿ ಸತ್ತದ್ದು ಅರಿವಿಲ್ದ ಆದ ಚೂಕ. ಅದಕ್ಕ ಉಪಾಸ ಐತಿ, ಪ್ರಾಯಶ್ಚಿತ್ತ ಐತಿ. ಅವನ್ನ ಒಳಗ ಕೂಡಿಸಿದ್ದು ಅರಿವಿದ್ದ ಮಾಡೀನಿ. ದಿನಾ ಬೆಳಿಗ್ಗಿ ಎದ್ದ ಮತ್ತ ಮಾಡಾಕತ್ತೀನಿ. ಅದನ್ನ ಕೊಡ್ರಿ, ನಿಮ್ಮ ಹಂತ್ಯಾಕ ಐತಿ.’

ನಾನು ಡ್ರಾವರ್ ಎಳೆದು ತಾಮ್ರದ ಟೋಪಿಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಇದರಿಂದ ನನ್ನ ನೌಕರಿಗೂ ಸಂಚಕಾರ ಎಂಬುದು ಇಬ್ಬರಿಗೂ ಗೊತ್ತಿತ್ತು. ‘ನೀವ ಬರಬ್ಯಾಡ್ರಿ’ ಎಂದರು. ನನಗೆ ಅಂದು ಮೊದಲ ಸಲ ನಾಚಿಕೆಯಾಯಿತು. ಎತ್ತುಗಳನ್ನು ಅಲ್ಲೇ ಬಿಟ್ಟು ಅವರ ಜತೆ ಅಥಣಿಯ ಬಸ್ಸು ಹತ್ತಿದೆ.

ರೇಂಜರ್ ಒಳ್ಳೆಯ ಮನುಷ್ಯ. ಪೂರ್ತಿ ಕೇಳಿ, ಟೋಪಿಯನ್ನು ಗಜದ ತುದಿಗೆ ಹಿಡಿದು ನೋಡಿದರು. ಮೊಳೆಯ ತೂತಿಗೆ ತೂತು ಕೂಡಿತು. ಆಮೇಲೆ ನನ್ನ ವರದಿ ತೆಗೆದು, ‘ಗಾಯ ಮುಂಗಾಲಿನ ಹಿಂದೆ ಅಂತ ಬರೆದೀರಲ್ಲ ಡಾಕ್ಟರೇ?’ ಎಂದರು. ಬೇರೆ ಹಾಳೆ ಕೊಡಿ ಎಂದೆ. ಗೌಡರ ಎದುರಿಗೇ ಕೂತು ಎಲ್ಲ ಬರೆದೆ. ಹೊಕ್ಕ ಜಾಗ, ಹರಿದ ಜಠರ, ಕೆಟ್ಟ ಮಾಂಸ, ನರಳಿದ ತಾಸುಗಳು. ಗೌಡರು ಓದಿ ಹೇಳಿರೆಂದರು. ಓದಿದೆ. ನರಳಿದ್ದರ ಸಾಲಿಗೆ ಬಂದಾಗ ಕಣ್ಣು ಮುಚ್ಚಿದರು. ಅಲ್ಲಿ ನಿಲ್ಲಿಸಲು ನೋಡಿದರೆ ‘ಮುಂದ’ ಎಂದರು.

ಲಗಮಣ್ಣ ಎರಡು ದಿನದಲ್ಲಿ ಹೊರಗೆ ಬಂದ. ಕೇಸು ಗೌಡರ ಹೆಸರಿಗೆ ತಿರುಗಿತು. ಬಂದೂಕನ್ನು ಅವರು ಮತ್ತೆಂದೂ ಕೇಳಲಿಲ್ಲ. ರಾಶಿಯ ಕೆಲಸ ಶುರುವಾದಾಗ ಲಗಮಣ್ಣ ಹೊಲಕ್ಕೆ ಬಂದನಾದರೂ ಗೌಡರ ಜತೆ ಮಾತಿಲ್ಲ. ಗೌಡರು ಕಣದ ಈ ತುದಿಗೆ ಕೂತರೆ ಅವನು ಆ ತುದಿಗೆ. ಇಪ್ಪತ್ತು ದಿನ ಒಳಗೆ ಕೂಡಿಸಿದ ಸಿಟ್ಟು, ಕಾಲ ಕಳೆದಂತೆ ಇಳಿಯುತ್ತದೆ ಎಂದು ಊರವರು ಆಡಿಕೊಂಡರು. ನನಗೂ ಅಷ್ಟೇ ತಿಳಿದಿತ್ತು.

ಮೇಲಿನವರಿಂದ ನನಗೆ ಕಟುವಾದ ಒಂದು ಪತ್ರ ಬಂತು, ಅದರ ಹಿಂದೆಯೇ ವರ್ಗಾವಣೆ. ಹೊರಡುವ ದಿನ ಲಗಮಣ್ಣ ತಾನಾಗಿಯೇ ಬಂದು ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ತಂದ. ಗೌಡರ ಮೇಲೆ ಇನ್ನೂ ಸಿಟ್ಟೇ, ಅವರು ಪಾಪ ಎಷ್ಟು ಒದ್ದಾಡಿದರು ಗೊತ್ತೇ ಎಂದೆ. ಅವನು ಟ್ರಂಕು ಇಳಿಸಿ ಬೆವರು ಒರೆಸಿಕೊಂಡ.

‘ಒಳಗ ಕೂಡಿಸಿದ್ದಕ್ಕ ಸಿಟ್ಟಿಲ್ರಿ. ಹೊರಗ ತಂದಿದ್ದಕ್ಕ ಸಿಟ್ಟ’ ಎಂದ. ‘ಸಂಸ್ಥಾನದಾಗ ನಾ ಹೆಜ್ಜಿ ತೋರಿಸಿದ್ದಕ್ಕ ಸತ್ತ ಚಿಗರಿ ಎಷ್ಟಂತ ನನಗ ಗೊತ್ತಿಲ್ರಿ. ಮೂವತ್ತ ವರ್ಷ ಆ ಮನಶ್ಯಾನ ಮಗ್ಗಲ ಕುಂತೀನಿ. ಅವರು ಚಪ್ಪಾಳಿ ಬಡದಾಗೊಮ್ಮೆ ನನಗ ನನ್ನ ಕೈ ಕಾಣತಿದ್ವು. ಇದೊಂದ ಸರ್ತಿ ಅವರ ಭಾರ ನಾ ಹೊರಾಕ ಸಿಕ್ಕಿತ್ತು. ಜೇಲಿನ್ಯಾಗ ಹಾಸಿಗಿ ಇಲ್ದ, ಕಂಬಳಿ ಇಲ್ದ ಗಡದ್ದ ನಿದ್ದಿ ಬಂತ್ರಿ ನನಗ, ಹರೇದಾಗ ಸೈತ ಹಂಗ ಮಲಗಿಲ್ಲ. ಅದನ್ನೂ ನೀವ ಇಬ್ರು ಕೂಡಿ ಕಸಗೊಂಡ್ರಿ. ನಿಮ್ಮನ್ನ ಯಾರ ಕೇಳಿದ್ರು?’

ಬಸ್ಸು ಬಂತು. ಟ್ರಂಕನ್ನು ನಾನೇ ಎತ್ತಲು ಹೋದೆ, ಅವನು ಬಿಡಲಿಲ್ಲ, ಏಣಿ ಹತ್ತಿ ಮೇಲಿಟ್ಟು ಹಗ್ಗ ಬಿಗಿದು ಇಳಿದ. ಆ ಸೀಮೆಯಲ್ಲಿ ಹೊರಟವರಿಗೆ, ಶತ್ರುವೇ ಆದರೂ, ‘ಹೋಗಿ ಬರ್ರಿ’ ಎನ್ನುತ್ತಾರೆ. ಲಗಮಣ್ಣ ನನ್ನ ಮುಖ ನೋಡಿ ‘ಹೋಗ್ರಿ’ ಎಂದಷ್ಟೇ ಹೇಳಿ ತಿರುಗಿದ. ನಾನು ಮತ್ತೆ ಆ ಊರಿಗೆ ಹೋಗಿಲ್ಲ.